ಇಬ್ಬರ ಹಾಳೆಯಲ್ಲೂ ಒಂದೇ ಮೆಟ್ಟಿಲು

ಡಾನ್ಯೂಬ್ ನದಿಯ ದಂಡೆಯ ರೂಸೆ ಪಟ್ಟಣದ ಟ್ರಾಲಿಬಸ್ಸುಗಳಲ್ಲಿ ಓಡಾಡುವವರಿಗೆಲ್ಲ ದೊನ್ಕಾ ರಾಷ್ಕೊವಾಳ ಗುರುತಿತ್ತು. ಟಿಕೆಟ್ ತಪಾಸಣೆಯವಳು. ಹಿಂಬಾಗಿಲಿನಿಂದ ಹತ್ತಿ, ಮುಂದಿನ ನಿಲ್ದಾಣದವರೆಗೂ ಏನೂ ಅರಿಯದವಳಂತೆ ಕಿಟಕಿಯಾಚೆ ನೋಡುತ್ತ ನಿಂತು, ಆಮೇಲೆ ಕೋಟಿನೊಳಗಿಂದ ಬಿಲ್ಲೆ ತೆಗೆದು ತೋರಿಸುವಳು. ಯಾರ ಕೈ ಗಡಿಬಿಡಿಯಲ್ಲಿ ಜೇಬಿಗೆ ಹೋಯಿತು, ಯಾರು ಮೆಲ್ಲಗೆ ಬಾಗಿಲ ಕಡೆ ಸರಿದರು ಎಂಬುದನ್ನೆಲ್ಲ ಅಷ್ಟರಲ್ಲಿ ಗಾಜಿನ ಪ್ರತಿಬಿಂಬದಲ್ಲಿ ನೋಡಿ ಮುಗಿಸಿರುತ್ತಿದ್ದಳು. ಪ್ರತಿ ಬಸ್ಸಿನ ಗೋಡೆಯ ಮೇಲೂ ಟಿಕೆಟ್ಟಿಗೆ ತೂತು ಒತ್ತುವ ಪುಟ್ಟ ಯಂತ್ರವಿತ್ತು. ಒಂದೊಂದು ಬಸ್ಸಿನ ತೂತುಗಳ ಜೋಡಣೆ ಒಂದೊಂದು ಥರ. ಬೇರೆ ಬಸ್ಸಿನಲ್ಲಿ ಒತ್ತಿದ ಹಳೇ ಟಿಕೆಟ್ಟನ್ನು ಮುಂದೆ ಹಿಡಿದವನನ್ನು ಅವಳು ತೂತು ನೋಡಿಯೇ ಕೆಳಗಿಳಿಸುತ್ತಿದ್ದಳು.

ಕೆಲಸ ಮುಗಿದ ಮೇಲೂ ಆ ಕಣ್ಣಿಗೆ ವಿರಾಮವಿರಲಿಲ್ಲ. ಚೀಸ್ ತೂಗುವ ಅಂಗಡಿಯವನ ಹೆಬ್ಬೆರಳು ತಕ್ಕಡಿಗೆ ತಾಗಿದೆಯೇ ಎಂದು ಬಗ್ಗಿ ನೋಡುವಳು. ಮೇಲಿನ ಮನೆಯವಳು ನಗುನಗುತ್ತ ಮಾತಾಡಿಸಿದರೆ ಇವಳಿಗೇನೋ ಬೇಕಾಗಿದೆ ಎಂದುಕೊಳ್ಳುವಳು. "ನಿನ್ನ ಜೊತೆ ಸಂಸಾರ ಮಾಡೋದಂದ್ರೆ ದಿನಾ ಬೆಳಗ್ಗೆ ಎದ್ದು ಟಿಕೆಟ್ ತೋರ್ಸಿದ ಹಾಗೆ" ಎಂದು ಹೇಳಿ ಗಂಡ ಬೇರೆ ಊರಿಗೆ ಹೊರಟುಹೋಗಿ ಬಹಳ ಕಾಲವಾಗಿತ್ತು. ಆ ಮಾತಿನ ಹಿಂದೆ ಇನ್ನೊಬ್ಬಳು ಇದ್ದಾಳೆಂದು ದೊನ್ಕಾ ಆಗಲೂ ನಂಬಿದ್ದಳು, ಈಗಲೂ ನಂಬಿದ್ದಳು.

ನಲವತ್ತು ದಾಟಿದ ಮೇಲೆ ಮೊಣಕಾಲು ನೋಯತೊಡಗಿತು. ಬಸ್ಸುಗಳ ವೇಳಾಪಟ್ಟಿ ಮಾಡುವ ಕೋಣೆಯಲ್ಲಿ ಕೂತು ಮಾಡುವ ಕೆಲಸವೊಂದು ಖಾಲಿಯಾಗಲಿತ್ತು. ಅದಕ್ಕೆ ಸಾರಿಗೆ ವಿಷಯದಲ್ಲಿ ಪದವಿ ಬೇಕು. ಹೀಗೆ ಅವಳು ದುಡಿಯುವವರಿಗಾಗಿ ವಾರದ ಕೊನೆಯಲ್ಲಿ ನಡೆಯುತ್ತಿದ್ದ ತರಗತಿಗೆ ಸೇರಿ, ತನಗಿಂತ ಎಷ್ಟೋ ಚಿಕ್ಕವರ ನಡುವೆ ಗೋಡೆಗೆ ಬೆನ್ನು ಕೊಟ್ಟು ಕೂತಳು. ಬೆನ್ನ ಹಿಂದೆ ಯಾರೂ ಇರಬಾರದು ಎಂಬುದು ಅವಳ ನಿಯಮ.

ಗಣಿತ ಕಲಿಸುತ್ತಿದ್ದವಳು ವೆನೆತಾ ಕಿರ್ಚೆವಾ ಎಂಬ ತೆಳ್ಳಗಿನ, ಮೆಲುದನಿಯ ಹೆಂಗಸು. ಸಮೀಕರಣಗಳ ಅಂಕಿಗಳನ್ನಷ್ಟೇ ಸಾಲುಸಾಲಾಗಿ ಜೋಡಿಸಿಟ್ಟರೆ ಅದು ಮಾತೃಕೆ ಎಂದಳು. ಆ ಸಾಲುಗಳ ಮೇಲೆ ಮಾಡಬಹುದಾದ ಕೆಲಸ ಮೂರೇ: ಎರಡು ಸಾಲುಗಳ ಜಾಗ ಬದಲಿಸಬಹುದು, ಒಂದು ಸಾಲನ್ನು ಸೊನ್ನೆಯಲ್ಲದ ಸಂಖ್ಯೆಯಿಂದ ಪೂರಾ ಗುಣಿಸಬಹುದು, ಒಂದು ಸಾಲಿಗೆ ಇನ್ನೊಂದರ ಇಷ್ಟು ಪಾಲನ್ನು ಕೂಡಿಸಬಹುದು ಅಥವಾ ಕಳೆಯಬಹುದು. ಹೀಗೆ ಮಾಡುತ್ತ ಹೋದರೆ ಕೆಳಗಿನ ಪ್ರತಿ ಸಾಲೂ ಮೇಲಿನದಕ್ಕಿಂತ ಹೆಚ್ಚು ಸೊನ್ನೆಗಳಿಂದ ಶುರುವಾಗಿ, ಅಂಕಿಗಳು ಎಡದಿಂದ ಬಲಕ್ಕೆ ಮೆಟ್ಟಿಲಿನಂತೆ ಇಳಿಯುತ್ತವೆ. ಅದೇ ಮೆಟ್ಟಿಲು ರೂಪ. ಕೊನೆಯ ಮೆಟ್ಟಿಲಿನಿಂದ ಹಿಂದಕ್ಕೆ ಹತ್ತಿದರೆ ಉತ್ತರ ಸಿಗುತ್ತದೆ.

ದೊನ್ಕಾಳಿಗೆ ಮೊದಲ ದಿನವೇ ಗುಮಾನಿ ಹುಟ್ಟಿತು. ಬೋರ್ಡಿನ ಮೇಲಿನ ಲೆಕ್ಕದಲ್ಲಿ ಕೊನೆಯ ಸಾಲು ಪೂರ್ತಿ ಸೊನ್ನೆಯಾಗಿಬಿಟ್ಟಿತ್ತು.

"ಮೇಡಂ, ಅಲ್ಲಿ ಒಂದು ಸಾಲಿತ್ತಲ್ಲ, ಅದೆಲ್ಲಿ ಹೋಯ್ತು?"

"ಎಲ್ಲೂ ಹೋಗ್ಲಿಲ್ಲ. ಅದು ಹೊಸದೇನನ್ನೂ ಹೇಳ್ತಿರ್ಲಿಲ್ಲ. ಮೇಲಿನ ಎರಡು ಸಾಲು ಹೇಳಿದ್ದನ್ನೇ ಬೇರೆ ವೇಷ ಹಾಕ್ಕೊಂಡು ಹೇಳ್ತಿತ್ತು."

ದೊನ್ಕಾ ಆ ಸೊನ್ನೆಗಳ ಸಾಲಿನತ್ತ ಬೆರಳು ತೋರಿಸಿದಳು. "ಅಂದ್ರೆ ಇಷ್ಟೊತ್ತೂ ಟಿಕೆಟ್ ಇಲ್ದೆ ಕೂತಿತ್ತು ಅನ್ನಿ."

ಇಡೀ ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಕ್ಕದಲ್ಲಿ ಕೂತಿದ್ದ ಗಲಿನ್ ಮುತಾಫೊವ್. ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುವವನು, ಮೂವತ್ತರ ಆಸುಪಾಸಿನ ದಪ್ಪ ಆಸಾಮಿ. ಗಣಿತದಲ್ಲಿ ಆಗಲೇ ಒಮ್ಮೆ ಫೇಲಾಗಿ ಮತ್ತೆ ಬಂದಿದ್ದ.

ಎರಡನೆಯ ವಾರ ಜಗಳವೇ ಆಯಿತು. ಲೆಕ್ಕ ಚಿಕ್ಕದು. ಮೇಲಿನ ಸಾಲು ಎರಡು, ಮೂರು, ಹದಿಮೂರು. ಕೆಳಗಿನದು ಒಂದು, ಒಂದು, ಐದು. ಗಲಿನ್ ಸಾಲುಗಳನ್ನು ಅದಲುಬದಲು ಮಾಡಿ ಒಂದನ್ನು ಮೇಲೆ ತಂದುಕೊಂಡ. ದೊನ್ಕಾ ಹಾಗೆ ಮಾಡಲಿಲ್ಲ; ಸರದಿ ತಪ್ಪಿಸಿ ಮುಂದೆ ನುಗ್ಗುವವರನ್ನು ಕಂಡರೆ ಅವಳಿಗಾಗದು. ಕೆಳಗಿನ ಸಾಲನ್ನು ದುಪ್ಪಟ್ಟು ಮಾಡಿ, ಅದರಿಂದ ಮೇಲಿನದನ್ನು ಕಳೆದಳು. ಅವನ ಕೆಳಮೆಟ್ಟಿಲಲ್ಲಿ ಸೊನ್ನೆ, ಒಂದು, ಮೂರು. ಇವಳದರಲ್ಲಿ ಸೊನ್ನೆ, ಋಣ ಒಂದು, ಋಣ ಮೂರು. ಮೇಲಿನ ಸಾಲುಗಳೂ ಬೇರೆ ಬೇರೆ. ಕಿರ್ಚೆವಾ ಎರಡಕ್ಕೂ ಸರಿ ಹಾಕಿ ಮುಂದೆ ನಡೆದಳು.

"ನಿಂತ್ಕೊಳ್ಳಿ ಮೇಡಂ," ದೊನ್ಕಾ ಎದ್ದು ನಿಂತಳು. "ಇದು ಸರಿಯಾದ್ರೆ ಅದು ತಪ್ಪಾಗ್ಬೇಕು. ಎರಡೂ ಸರಿ ಅಂದ್ರೆ ನೀವು ನೋಡ್ದೇನೇ ಗುರುತು ಹಾಕ್ತಿದ್ದೀರಿ."

"ಬಿಡಕ್ಕಾ, ನಂಗೆ ಸರಿ ಸಿಗೋದೇ ಅಪರೂಪ, ಅದನ್ನೂ ಕಿತ್ಕೋಬೇಡ," ಎಂದು ಗಲಿನ್ ಗೊಣಗಿದ.

ಕಿರ್ಚೆವಾ ಸಿಟ್ಟು ಮಾಡಿಕೊಳ್ಳಲಿಲ್ಲ. ಇಬ್ಬರನ್ನೂ ಬೋರ್ಡಿಗೆ ಕರೆದು, ನಿಲ್ಲಿಸಿದಲ್ಲಿಂದ ಮುಂದುವರಿಸಿ ಎಂದಳು. ಪ್ರತಿ ಸಾಲಿನ ಮೊದಲ ಅಂಕಿ ಒಂದಾಗಬೇಕು, ಆ ಒಂದರ ಮೇಲೆ ಇರುವುದೆಲ್ಲ ಸೊನ್ನೆಯಾಗಬೇಕು. ದೊನ್ಕಾ ಅವನ ಕಡೆ ತಿರುಗದೆ ಮಾಡಿದಳು. ಮುಗಿಸಿ ನೋಡಿದರೆ ಇಬ್ಬರದೂ ಒಂದೇ: ಮೇಲೆ ಒಂದು, ಸೊನ್ನೆ, ಎರಡು; ಕೆಳಗೆ ಸೊನ್ನೆ, ಒಂದು, ಮೂರು.

"ಮಧ್ಯದ ಮೆಟ್ಟಿಲು ಅವರವರು ನಡೆದ ದಾರಿ ಮೇಲೆ ಹೋಗುತ್ತೆ. ಅದು ಹಲವು ಥರ ಇರ್ಬಹುದು," ಎಂದಳು ಕಿರ್ಚೆವಾ. "ಆದ್ರೆ ಹೀಗೆ ಪೂರ್ತಿ ಸವರಿದ ಮೇಲೆ ಉಳಿಯೋದು ಒಂದೇ. ಯಾರೇ ಮಾಡ್ಲಿ, ಹೇಗೇ ಮಾಡ್ಲಿ."

ಆ ದಿನ ಮನೆಗೆ ಹೋದವಳೇ ದೊನ್ಕಾ ಒಂದೇ ಲೆಕ್ಕವನ್ನು ಬೇರೆ ಬೇರೆ ದಾರಿಯಲ್ಲಿ ಮಾಡಿ ನೋಡಿದಳು. ಎಲ್ಲಾದರೂ ಮೋಸ ಸಿಕ್ಕೀತೆಂದು ಕಾದಳು. ಸಿಗಲಿಲ್ಲ. ತನ್ನನ್ನು ಏಮಾರಿಸದ ವಸ್ತುವೊಂದು ಲೋಕದಲ್ಲಿ ಇದೆಯೆಂಬುದು ಅವಳಿಗೆ ವಿಚಿತ್ರವಾಗಿ ಕಂಡಿತು.

ಅಲ್ಲಿಂದ ಅವಳಿಗೆ ಲೆಕ್ಕದ ರುಚಿ ಹತ್ತಿತು. ತರಗತಿ ಮುಗಿದ ಮೇಲೆ ಗಲಿನ್ ಅವಳ ಹಿಂದೆಯೇ ಬಸ್ ಡಿಪೋದ ಕ್ಯಾಂಟೀನಿಗೆ ಲೆಕ್ಕ ಹೇಳಿಸಿಕೊಳ್ಳಲು ಬರುವುದು ರೂಢಿಯಾಯಿತು. ಬಿಸಿ ಬಾನಿತ್ಸಾದ ಚೀಸು ತುಂಬಿದ ಪದರಗಳನ್ನು ಬಿಡಿಸಿ ತಿನ್ನುತ್ತ, ಎಣ್ಣೆಗೈಯಲ್ಲೇ ಪೆನ್ನು ಹಿಡಿಯುವನು.

"ನಂದು ಮರದ ತಲೆ ದೊನ್ಕಕ್ಕಾ. ಭಿನ್ನರಾಶಿ ಬಂತಂದ್ರೆ ಕೈಕಾಲು ಬಿದ್ದೋಗುತ್ತೆ."

"ಭಿನ್ನರಾಶೀನ ಒಳಗ್ಯಾಕೆ ಬಿಟ್ಕೊಳ್ತೀಯ? ಅರ್ಧ ಮನುಷ್ಯ ಬಸ್ ಹತ್ತೋದನ್ನ ನೋಡಿದ್ದೀಯಾ? ಕೊನೇ ತನಕ ಭಾಗಿಸ್ಲೇಬೇಡ. ಮೇಲಿನ ಸಾಲಿನ ಮೊದಲ ಅಂಕಿಯಿಂದ ಕೆಳಗಿಂದನ್ನ ಗುಣಿಸು, ಕೆಳಗಿನ ಅಂಕಿಯಿಂದ ಮೇಲಿಂದನ್ನ ಗುಣಿಸು. ಎರಡೂ ಸಮ ಆಯ್ತು. ಈಗ ಕಳಿ."

"ಅಂಕಿ ಎಮ್ಮೆಯಂಗೆ ಊದ್ಕೊಳ್ತಾವಲ್ಲಕ್ಕಾ!"

"ಊದ್ಕೊಳ್ಲಿ. ಕಣ್ಣಿಗಾದ್ರೂ ಕಾಣ್ತವೆ."

ಒಂದೇ ಥರದ ತಪ್ಪು ಮಾಡಿ ಬೈಸಿಕೊಂಡು, ನಕ್ಕು, ಮತ್ತೆ ಮಾಡುವನು. ಅವನ ಮೇಲೆ ದೊನ್ಕಾಳಿಗೆ ಯಾಕೋ ಸಂಶಯವೇ ಬರುತ್ತಿರಲಿಲ್ಲ. ಪರೀಕ್ಷೆ ಹತ್ತಿರವಾದಾಗ ಮಾತ್ರ ಅವನು ಕ್ಯಾಂಟೀನಿಗೆ ಬರುವುದು ನಿಂತಿತು. ಪಾಳಿ ಬದಲಾಗಿದೆ ಎಂದ. ದೊನ್ಕಾ ತಲೆಯಾಡಿಸಿದಳು, ಆದರೆ ಆ ಮಾತನ್ನು ಮನಸ್ಸಿನ ಒಂದು ಮೂಲೆಯಲ್ಲಿ ಎತ್ತಿಟ್ಟುಕೊಂಡಳು.

ಪರೀಕ್ಷೆಯಲ್ಲಿ ಅವಳ ಹಿಂದಿನ ಸಾಲಿನಲ್ಲಿ, ಓರೆಯಾಗಿ, ಗಲಿನ್ ಕೂತಿದ್ದ. ಗೋಡೆಯ ಪಕ್ಕದ ಜಾಗ ಅವಳಿಗೆ ಸಿಕ್ಕಿರಲಿಲ್ಲ. ಬರೆಯುವಷ್ಟು ಹೊತ್ತೂ ಬೆನ್ನ ಮೇಲೆ ಏನೋ ಹರಿದಾಡಿದಂತಾಗುತ್ತಿತ್ತು.

ಕೆಲವು ದಿನ ಕಳೆದ ಮೇಲೆ ಕಿರ್ಚೆವಾ ಇಬ್ಬರನ್ನೂ ತನ್ನ ಕೋಣೆಗೆ ಕರೆಸಿದಳು. ಮೇಜಿನ ಮೇಲೆ ಎರಡು ಉತ್ತರ ಪತ್ರಿಕೆಗಳು ಪಕ್ಕಪಕ್ಕದಲ್ಲಿದ್ದವು.

"ನಿಮ್ಮಿಬ್ಬರ ಉತ್ತರ ಒಂದೇ ಇದೆ ಅಂತ ಕರೀಲಿಲ್ಲ. ಸರಿ ಮಾಡಿದೋರದ್ದೆಲ್ಲ ಒಂದೇ ಇರುತ್ತೆ. ಆದ್ರೆ ಮಧ್ಯದ ಮೆಟ್ಟಿಲು ನೋಡಿ. ಇಡೀ ತರಗತೀಲಿ ಯಾರಿಗೂ ಇಲ್ಲಿ ಋಣ ಎಂಬತ್ತನಾಲ್ಕು ಬಂದಿಲ್ಲ. ನಿಮ್ಮಿಬ್ಬರಿಗೆ ಬಂದಿದೆ. ಮೇಲಿನ ಸಾಲುಗಳೂ ಅಂಕಿಗೆ ಅಂಕಿ ಹಾಗೇ ಇವೆ. ಏನು ಅಂತ ನೀವೇ ಹೇಳಿ."

 ಇಷ್ಟು ವರ್ಷ ಬೇರೆಯವರ ಮೇಲೆ ತಿರುಗಿಸುತ್ತಿದ್ದ ಸಂಶಯ ಮೊದಲ ಸಲ ದೊನ್ಕಾಳ ಕಡೆಗೇ ತಿರುಗಿತ್ತು.  ಕ್ಯಾಂಟೀನಿಗೆ ಬರುವುದು ನಿಲ್ಲಿಸಿದ್ದು, ಪಾಳಿಯ ನೆಪ, ಓರೆಯಾಗಿ ಹಿಂದೆ ಕೂತದ್ದು, ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕಣ್ಣ ಮುಂದೆ ಬಂದವು. ಓದಲು ಹೊತ್ತಿಲ್ಲದವನು ಹೇಗೆ ಬರೆದ?

"ನಾನು ಯಾರ ಹಾಳೇನೂ ನೋಡೋಳಲ್ಲ ಮೇಡಂ," ಎಂದಳು. "ನನ್ನ ಹಿಂದೆ ಕೂತಿದ್ದು ಇವನು. ಇವನನ್ನ ಬೋರ್ಡಿಗೆ ನಿಲ್ಲಿಸಿ. ಹೊಸಾ ಲೆಕ್ಕ ಕೊಡಿ. ಬಂದ್ರೆ ಬರುತ್ತೆ, ಇಲ್ದಿದ್ರೆ ಗೊತ್ತಾಗುತ್ತೆ."

ಗಲಿನ್ ಅವಳನ್ನೇ ನೋಡಿದ. ಅವನ ದಪ್ಪ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಎದ್ದು ಬೋರ್ಡಿನ ಹತ್ತಿರ ಹೋದ.

ಕಿರ್ಚೆವಾ ಅಲ್ಲೇ ಯೋಚಿಸಿ ಒಂದು ಮಾತೃಕೆ ಬರೆದಳು. ಮೇಲಿನ ಸಾಲು ಮೂರರಿಂದ ಶುರು, ನಡುವಿನದು ಐದರಿಂದ, ಕೊನೆಯದು ಎರಡರಿಂದ. ಬೇರೆ ಯಾರಾದರೂ ಮೊದಲ ಸಾಲನ್ನು ಮೂರರಿಂದ ಭಾಗಿಸಿ ಶುರುಮಾಡುತ್ತಿದ್ದರು. ಗಲಿನ್ ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಹಿಡಿದು, ಎರಡನೆಯ ಸಾಲನ್ನು ಮೂರರಿಂದಲೂ ಮೊದಲನೆಯದನ್ನು ಐದರಿಂದಲೂ ಗುಣಿಸಿ ಕಳೆದ. ಜಾಗ ಅದಲುಬದಲು ಮಾಡಲಿಲ್ಲ. ಭಿನ್ನರಾಶಿಯನ್ನು ಹತ್ತಿರ ಸೇರಿಸಲಿಲ್ಲ. ಅಂಕಿಗಳು ಊದಿಕೊಳ್ಳುತ್ತ ಹೋದವು. ಪ್ರತಿ ಹೆಜ್ಜೆಯಲ್ಲೂ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದ. "ಎರಡೂ ಸಮ ಆಯ್ತು. ಈಗ ಕಳಿ." ಅವು ದೊನ್ಕಾಳದೇ ಮಾತುಗಳು, ಅವಳದೇ ರಾಗದಲ್ಲಿ.

ಅವನು ನಡುವೆ ಒಮ್ಮೆ ತಪ್ಪಿದ, ಅಂಗೈಯಲ್ಲಿ ಒರೆಸಿ ತಿದ್ದಿದ, ಕೆಳಗಿನ ಮೆಟ್ಟಿಲಿಗೆ ಇಳಿದು, ಹಿಂದಕ್ಕೆ ಹತ್ತಿ ಉತ್ತರ ಬರೆದ.

"ಯಾರು ಹೇಳಿಕೊಟ್ಟಿದ್ದು ಇದನ್ನ?" ಕಿರ್ಚೆವಾ ಕೇಳಿದಳು.

"ಈ ಅಕ್ಕ," ಎಂದ ಗಲಿನ್. "ಪಾಳಿ ಬದಲಾದ್ಮೇಲೆ ಕ್ರೇನಿನ ಮೇಲೆ ಕೂತ್ಕೊಂಡು ಒಬ್ನೇ ಮಾಡ್ತಿದ್ದೆ."

ಕಿರ್ಚೆವಾ ಎರಡೂ ಪತ್ರಿಕೆಗಳನ್ನು ಜೋಡಿಸಿ ಪಕ್ಕಕ್ಕಿಟ್ಟಳು. "ನಡೆದ ದಾರಿ ಒಂದೇ, ಅದಕ್ಕೇ ಮೆಟ್ಟಿಲೂ ಒಂದೇ. ಸಂಶಯ ಪಟ್ಟಿದ್ದಕ್ಕೆ ಕ್ಷಮಿಸಿ. ನಾನು ಕೇಳ್ಲೇಬೇಕಿತ್ತು. ಇಬ್ಬರೂ ಪಾಸು," ಎಂದಳು. ಗಲಿನ್ ಕೈಯ ಸುಣ್ಣ ಒರೆಸಿಕೊಂಡು, ಕೋಟು ಹೆಗಲಿಗೆ ಹಾಕಿಕೊಂಡು ಹೊರಟೇಹೋದ. ದೊನ್ಕಾ ಮೆಟ್ಟಿಲಿಳಿದು ಬರುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು.

ಆ ವಾರವಿಡೀ ಅವಳು ತನ್ನ ಪರವಾಗಿ ತಾನೇ ವಾದ ಮಾಡಿಕೊಂಡಳು. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಅಂಕಿಗಳೇ ಹಾಗೆ ಹೇಳುತ್ತಿದ್ದವು. ಆದರೆ ಕಿರ್ಚೆವಾ ಇಬ್ಬರನ್ನೂ ಕೇಳಿದ್ದಳು, ತಾನು ಅವನನ್ನು ಒಂದು ಮಾತೂ ಕೇಳದೆ ಬೊಟ್ಟು ಮಾಡಿದ್ದೆ ಎಂಬಲ್ಲಿಗೆ ಬಂದು ವಾದ ನಿಂತುಬಿಡುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಹಡಗುಕಟ್ಟೆಯ ಗೇಟಿನೆದುರು ಹೋಗಿ ನಿಂತಳು. ಡಾನ್ಯೂಬ್ ಕಡೆಯಿಂದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಪಾಳಿ ಬಿಟ್ಟು ಬಂದ ಗಲಿನ್ ಅವಳನ್ನು ಕಂಡು ನಡಿಗೆ ನಿಧಾನ ಮಾಡಿದ.

"ಏನಕ್ಕಾ? ಪಾಳಿ ನಿಜವಾಗ್ಲೂ ಬದಲಾಗಿದ್ಯಾ ಅಂತ ನೋಡೋಕ್ ಬಂದ್ಯಾ?"

"ಇಲ್ಲ." ಅವಳು ಅವನ ಎದುರಿಗೆ ಬಂದು ನಿಂತಳು. "ಮೊದ್ಲು ನಿನ್ನನ್ನ ಕೇಳ್ಬೇಕಿತ್ತು ಕಣೋ."

"ಯಾಕ್ ಕೇಳ್ಲಿಲ್ಲ?"

"ನನ್ನ ತಲೇಲಿ ಉತ್ತರ ಆಗ್ಲೇ ಬಂದ್ಬಿಟ್ಟಿತ್ತು."

ಗಲಿನ್ ಟೋಪಿ ಸರಿಮಾಡಿಕೊಂಡ. "ನಮ್ಮಮ್ಮನೂ ನನ್ನ ಮೇಲೆ ಅಷ್ಟು ಸಮಯ ಹಾಕಿಲ್ಲ, ನೀನು ಹಾಕ್ದೆ. ಅದಕ್ಕೇ ನಂಗೆ ಜಾಸ್ತಿ ನೋವಾಯ್ತು," ಎಂದು ಹೇಳಿ ನಿಲ್ದಾಣದ ಕಡೆ ನಡೆದ. ದೊನ್ಕಾ ಒಂದು ಹೆಜ್ಜೆ ಹಿಂದೆಯೇ ನಡೆದಳು. ಬಸ್ಸು ಬರುವ ತನಕ ಅವನು ಬೇರೆ ಕಡೆ ಹೋಗಿ ನಿಲ್ಲಲಿಲ್ಲ.

ಮುಂದಿನ ಅವಧಿಯಲ್ಲಿ ಗಲಿನ್ ಅವಳ ಪಕ್ಕ ಬಿಟ್ಟು ಮುಂದಿನ ಬೆಂಚಿನಲ್ಲಿ ಕೂರತೊಡಗಿದ. ದೊನ್ಕಾ ಅವನ ಅಗಲ ಬೆನ್ನನ್ನು ನೋಡುತ್ತ ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು. ಅವಳ ಸಂಶಯದ ಸ್ವಭಾವವೇನೂ ಬದಲಾಗಲಿಲ್ಲ. ಚೀಸಿನಂಗಡಿಯವನ ಹೆಬ್ಬೆರಳು ಅವಳ ಕಣ್ಣು ತಪ್ಪಿಸಿಕೊಳ್ಳಲಿಲ್ಲ. ಆದರೆ ಬಸ್ಸಿನಲ್ಲಿ ತೂತು ತಾಳೆಯಾಗದ ಟಿಕೆಟ್ ಸಿಕ್ಕಾಗ ಕೆಳಗಿಳಿಸುವ ಮೊದಲು "ಏನಾಯ್ತು ಹೇಳಿ" ಎಂದು ಕೇಳುವುದನ್ನು ಕಲಿತಳು. ಹೆಚ್ಚಿನವರು ಸುಳ್ಳೇ ಹೇಳುತ್ತಿದ್ದರು. ಆದರೂ ಕೇಳುತ್ತಿದ್ದಳು.

ಚಳಿ ಮುಗಿದು ಬೀದಿಯ ಲಿಂಡೆನ್ ಮರಗಳು ಚಿಗುರುವ ಹೊತ್ತಿಗೆ ಗಲಿನ್ ಒಂದು ದಿನ ತರಗತಿಯ ನಡುವೆ ಹಿಂದಕ್ಕೆ ತಿರುಗಿದ. ಹಾಳೆಯೊಂದನ್ನು ಬೆಂಚಿನ ಮೇಲಿಂದ ಅವಳ ಕಡೆ ತಳ್ಳಿದ.

"ಇಲ್ಲಿ ಸಿಕ್ಕಾಕ್ಕೊಂಡಿದ್ದೀನಿ. ಎಲ್ ತಪ್ಪಿದ್ದೀನಿ ನೋಡು."

ದೊನ್ಕಾ ಕನ್ನಡಕ ಮೂಗಿನ ಮೇಲೆ ಸರಿಸಿಕೊಂಡು ಹಾಳೆಯ ಮೇಲೆ ಬಾಗಿದಳು. "ಇಲ್ಲಿ ಯಾಕೆ ಹೀಗ್ ಮಾಡ್ದೆ?" ಎಂದು ಕೇಳಿ, ಅವನು ಹೇಳಿ ಮುಗಿಸುವ ತನಕ ಸುಮ್ಮನಿದ್ದಳು.