ಪಂಪ್‌ಹೌಸಿನ ಬಾಗಿಲಿಗೆ ಹೊಡೆದ ತಲೆಬುರುಡೆ

ಇಪ್ಪತ್ತನಾಲ್ಕು ವರ್ಷಗಳ ಹಿಂದೆ, ಮಳೆಗಾಲದ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಚೆಂಬೂರಿನ ನಮ್ಮ ಕಾರ್ಖಾನೆಯ ಮ್ಯಾನೇಜರರ ಕೋಣೆಯಲ್ಲಿ, ಅವರ ಮೇಜಿನ ಎಡಗಡೆ, ಕಿಟಕಿಗೆ ಬೆನ್ನು ಮಾಡಿ ನಾನು ನಿಂತಿದ್ದೆ. ನನ್ನಿಂದ ಐದು ಹೆಜ್ಜೆ ದೂರದಲ್ಲಿ, ಬಾಗಿಲ ಬಳಿ, ಪೇಂಟರ್ ಬಂಗೇರರು ನಿಂತಿದ್ದರು. ಅಲ್ಲಿ ನಾನು ಎರಡು ಸುಳ್ಳು ಹೇಳಿದೆ. ನನ್ನ ತಪ್ಪನ್ನು ಅವರ ತಲೆಗೆ ಕಟ್ಟಿದೆ. ಬಾಗಿಲು ತೆರೆದೇ ಇತ್ತು. ನಮ್ಮ ವಿಭಾಗದ ಹತ್ತು ಹನ್ನೆರಡು ಜನ ಹೊರಗೆ ನಿಂತು ಕೇಳಿಸಿಕೊಂಡರು. ಆದ್ದರಿಂದ ಇದನ್ನು ಬಂಗೇರರ ಕಿವಿಯಲ್ಲಿ ಮಾತ್ರ ಹೇಳಿ ಮುಗಿಸುವಂತಿಲ್ಲ — ನಾಲ್ಕು ಜನರೆದುರು ಕಳೆದ ಹೆಸರನ್ನು ನಾಲ್ಕು ಜನರೆದುರೇ ಹಿಂದಿರುಗಿಸಬೇಕು.

ಕಳೆದ ತಿಂಗಳು ಅವರ ಮಗಳು ರೇಷ್ಮಾ ಗೋರೆಗಾಂವ್‌ನಿಂದ ಫೋನ್ ಮಾಡಿದಳು. ಬಂಗೇರರಿಗೆ ಎಪ್ಪತ್ತೈದು ತುಂಬುತ್ತದಂತೆ. ಮಾಟುಂಗದಲ್ಲಿ ಅವರ ಊರಿನವರು ಸೇರಿ ಸನ್ಮಾನ ಮಾಡುತ್ತಾರೆ, ಒಂದು ಸಣ್ಣ ಪುಸ್ತಕವನ್ನೂ ತರುತ್ತಾರೆ. "ಅಂಕಲ್, ಪಪ್ಪಾ ಬಗ್ಗೆ ನೀವು ಸ್ವಲ್ಪ ಲಿಖ್ಕೆ ಕೊಡಿ ನಾ. ಫ್ಯಾಕ್ಟರಿಯ ಬಗ್ಗೆ. ನಂಗೆ ಕನ್ನಡ ಬರೀಲಿಕ್ಕೆ ಬರುದಿಲ್ಲ, ಪಢ್ನಾ ಭಿ ಥೋಡಾ ಥೋಡಾ." ಓದುವುದೂ ಅಷ್ಟಕ್ಕಷ್ಟೇ ಎಂದು. ನಾನು ಆಗಲಿ ಎಂದೆ. ಬರೆಯಲು ಕೂತಾಗ — ಒಳ್ಳೆಯ ಮಾತುಗಳು ತಾವಾಗಿ ಬಂದವು. ಅವರ ಬಗ್ಗೆ ನನಗೆ ಹೆಮ್ಮೆ ಬಿಟ್ಟು ಬೇರೇನೂ ಇಲ್ಲ. ಆದರೆ ಒಳ್ಳೆಯ ಮಾತುಗಳನ್ನಷ್ಟೇ ಬರೆದು ಕೆಳಗೆ ನನ್ನ ಹೆಸರು ಹಾಕಿದರೆ ಅದು ಮೂರನೆಯ ಸುಳ್ಳಾಗುತ್ತದೆ.

ನಾನು ಧಾರವಾಡದ ಕಡೆಯವನು, ಪಾಟೀಲ. ಆ ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದ ಸೂಪರ್‌ವೈಸರ್ ಆಗಿದ್ದೆ. ಕರೆಂಟಿನ ಅಪಾಯವಿರುವ ಪ್ರತಿಯೊಂದು ಕೋಣೆಯ ಬಾಗಿಲಿಗೂ ತಲೆಬುರುಡೆಯ ಬೋರ್ಡ್ ಇರಬೇಕೆಂಬುದು ನಿಯಮ. ಬುರುಡೆ, ಅದರ ಕೆಳಗೆ ಅಡ್ಡಡ್ಡ ಎರಡು ಎಲುಬು, ಮೇಲೆ ಎರಡು ಮೂರು ಭಾಷೆಗಳಲ್ಲಿ ಅಪಾಯ ಎಂಬ ಮಾತು. ನಮ್ಮಲ್ಲಿ ಕೆಲಸಕ್ಕಿದ್ದವರು ಎಲ್ಲೆಲ್ಲಿಯವರೋ — ಬಿಜಾಪುರದವರು, ಸಾತಾರದವರು, ಬಿಹಾರದವರು, ತೆಲುಗಿನವರು. ಅರ್ಧ ಜನಕ್ಕೆ ಯಾವ ಲಿಪಿಯೂ ಓದಲು ಬರುತ್ತಿರಲಿಲ್ಲ. ಬುರುಡೆ ಮಾತ್ರ ಎಲ್ಲರಿಗೂ ಓದಲು ಬರುತ್ತಿತ್ತು. ನಾವು ಧಾರವಾಡದವರು ಬುರುಡಿ ಅಂದರೆ, ಮರಾಠಿಯವರು ಕವಟಿ ಅನ್ನುತ್ತಿದ್ದರು, ಉಳಿದವರು ಖೋಪ್ಡಿ. ಮಾತು ಬೇರೆ, ಕಂಡ ಕೂಡಲೇ ನಿಲ್ಲುವ ಕಾಲು ಒಂದೇ.

ಆ ಬೋರ್ಡುಗಳನ್ನು ತಗಡಿನ ಮೇಲೆ ಕೈಯಲ್ಲಿ ಬರೆಯುತ್ತಿದ್ದವರು ಬಂಗೇರರು. ಉಡುಪಿ ಕಡೆಯವರು, ಸಣ್ಣ ಆಳು, ಕಿವಿಯ ಮೇಲೆ ಸದಾ ಒಂದು ಬ್ರಷ್. ಬೇರೆ ಪೇಂಟರರ ಬುರುಡೆಗಳನ್ನು ನಾನು ನೋಡಿದ್ದೇನೆ — ಹಲ್ಲು ಕಿರಿದು ನಗುತ್ತವೆ. ಬಂಗೇರರ ಬುರುಡೆ ನಗುತ್ತಿರಲಿಲ್ಲ. ಹಲ್ಲಿನ ಸಾಲನ್ನು ಅವರು ಸ್ಕೇಲ್ ಇಟ್ಟ ಹಾಗೆ ನೇರವಾಗಿ ಎಳೆಯುತ್ತಿದ್ದರು, ಕಣ್ಣಿನ ಗುಂಡಿಗಳನ್ನು ಸ್ವಲ್ಪ ಕೆಳಗೆ ಇಳಿಸುತ್ತಿದ್ದರು. ಅದು ನೇರ ನಮ್ಮನ್ನೇ ನೋಡುತ್ತಿತ್ತು.

"ಬಂಗೇರ, ನಿಮ್ಮ ಬುರುಡಿ ಭಾಳ ಸಿಟ್ಟಿನ್ಯಾಗ ಐತಲ್ರೀ," ಎಂದು ನಾನು ಒಮ್ಮೆ ಚೇಷ್ಟೆ ಮಾಡಿದೆ.

"ನಿಮ್ಮ ಜನರನ್ನು ನೋಡಿಕೊಂಡು ಇರ್ಬೇಕಲ್ಲ ಪಾಟೀಲ್ರೆ, ಮತ್ತೆ ನಗು ಬರ್ಲಿಕ್ಕುಂಟಾ?" ಎಂದರು. ಆಮೇಲೆ ಬ್ರಷ್ ತೊಳೆಯುತ್ತಾ, "ನಗುವ ಬುರುಡೆಗೆ ಯಾರು ಹೆದರ್ತಾರೆ ಮಾರಾಯ್ರೆ," ಎಂದರು.

ಅವರದೊಂದು ಪದ್ಧತಿ ಇತ್ತು. ಬೋರ್ಡಿನ ಹಿಂಬದಿ, ಗೋಡೆಗೆ ತಾಗುವ ಕಡೆ, ಸಣ್ಣ ಅಕ್ಷರದಲ್ಲಿ ಅದು ಯಾವ ಬಾಗಿಲಿಗೆ ಸೇರಿದ್ದೆಂದು ಕನ್ನಡದಲ್ಲಿ ಬರೆಯುತ್ತಿದ್ದರು. 'ಕಂಪ್ರೆಸರ್ ಕೋಣೆ.' 'ಹೊಸ ಪ್ಯಾನೆಲ್.' ಯಾರೂ ನೋಡದ ಕಡೆ ಯಾಕೆ ಬರೆಯುತ್ತೀರಿ ಎಂದರೆ, "ಬುರುಡೆಗೆ ತನ್ನ ಮನೆ ಯಾವುದು ಅಂತ ಗೊತ್ತಿರ್ಬೇಕು," ಎನ್ನುತ್ತಿದ್ದರು. ಇಡೀ ಆ ರಸ್ತೆಯ ಕಾರ್ಖಾನೆಗಳಲ್ಲಿ ನಮ್ಮಷ್ಟು ಚೊಕ್ಕ ಬೋರ್ಡುಗಳು ಎಲ್ಲೂ ಇರಲಿಲ್ಲ. ಹೊರಗಿನ ಇನ್‌ಸ್ಪೆಕ್ಟರು ಬಂದಾಗ ನಾನು ಎದೆ ಸೆಟೆಸಿ ಅವನ್ನು ತೋರಿಸುತ್ತಿದ್ದೆ — ನಾನೇ ಬರೆದವನ ಹಾಗೆ.

ಈಗ ತಪ್ಪಿಗೆ ಬರುತ್ತೇನೆ.

ಹೊಸ ಪ್ಯಾನೆಲ್ ಕೋಣೆಯ ಪಕ್ಕದಲ್ಲಿ ಹಳೇ ಪಂಪ್‌ಹೌಸ್ ಇತ್ತು. ಪಂಪು ತೆಗೆದು, ಕರೆಂಟು ಕಡಿದು ಎಷ್ಟೋ ಕಾಲವಾಗಿತ್ತು. ನಾವು ವಿದ್ಯುತ್ ವಿಭಾಗದವರು ಅಲ್ಲಿ ಕ್ಯಾರಂ ಬೋರ್ಡ್ ಇಟ್ಟುಕೊಂಡಿದ್ದೆವು. ಊಟವಾದ ಮೇಲೆ ಅರ್ಧ ತಾಸು ಆಟ. ಕ್ರಮೇಣ ಪ್ಯಾಕಿಂಗಿನವರು ಬಂದರು, ಗೇಟಿನವರು ಬಂದರು, ಮಲಗುವವರು ಬಂದರು. ಜಾಗ ಸಾಲದಾಯಿತು. ಆಗ ನನಗೊಂದು ಉಪಾಯ ಹೊಳೆಯಿತು — ಹೊಳೆದದ್ದಕ್ಕೆ ಅವತ್ತು ಹೆಮ್ಮೆಯೂ ಪಟ್ಟೆ. ಮುಂದಿನ ಸಲ ಬೋರ್ಡ್ ಬರೆಸುವಾಗ ಬಂಗೇರರಿಗೆ, "ಒಂದ ಜಾಸ್ತಿ ಬರೀರಿ," ಎಂದೆ.

"ಎಲ್ಲಿಗೆ?"

"ಎಲ್ಲಿಗೂ ಇಲ್ರೀ. ಸ್ಪೇರ್ ಇರ್ಲಿ."

ಅವರು ಒಂದು ಕ್ಷಣ ನನ್ನನ್ನು ನೋಡಿದರು. "ಸಾವಿಲ್ಲದ ಬಾಗಿಲಿಗೆ ಹಾಕ್ಬೇಡಿ ಆಯ್ತಾ," ಎಂದರು. ಬರೆದುಕೊಟ್ಟರು.

ಆ ಬೋರ್ಡನ್ನು ಪಂಪ್‌ಹೌಸಿನ ಬಾಗಿಲಿಗೆ ನಾನೇ ಹೊಡೆದೆ. ಒಂದು ಸೋಮವಾರ, ಬೆಳಿಗ್ಗೆ ಎಂಟಕ್ಕೆ, ಪಾಳಿ ಶುರುವಾಗುವ ಮೊದಲು. ಸ್ಟೂಲ್ ಅಲ್ಲಾಡುತ್ತಿತ್ತು. ಅಂಗಳ ಗುಡಿಸುತ್ತಿದ್ದ ಶಾಂತಾಬಾಯಿಯನ್ನು ಕರೆದು ಹಿಡಿದುಕೊಳ್ಳಲು ಹೇಳಿದೆ. ಅವಳು ಮೇಲೆ ನೋಡಿ, "ಆತ ಕಾಯ್ ಆಹೇ, ಸಾಹೇಬ್?" ಎಂದಳು — ಒಳಗೇನಿದೆ ಎಂದು. "ಭೂತ್ ಆಹೇ," ಎಂದೆ ನಾನು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಒಳಗೆ ಕ್ಯಾರಂ ಬೋರ್ಡಿದೆ ಎಂದು ಅವಳಿಗೆ ಗೊತ್ತಿತ್ತು. ತನ್ನ ಪೊರಕೆ ಬಕೆಟ್ಟುಗಳನ್ನು ಅವಳು ಇಡುತ್ತಿದ್ದದ್ದೂ ಅಲ್ಲೇ.

ನಾಲ್ಕು ದಿನ ಬೇರೆ ವಿಭಾಗದವರು ಯಾರೂ ಬರಲಿಲ್ಲ. ಐದನೆಯ ದಿನ ಯಾರೋ ಒಬ್ಬ ನಮ್ಮವರ ಕೈಗೆ ಅಂಟಿದ್ದ ಕ್ಯಾರಂನ ಬಿಳಿ ಪೌಡರ್ ನೋಡಿದ. ವಾರ ಕಳೆಯುವಷ್ಟರಲ್ಲಿ ಕಾರ್ಖಾನೆಯಲ್ಲೆಲ್ಲ ಅದಕ್ಕೆ 'ಖೋಪ್ಡಿ ಕ್ಲಬ್' ಎಂದು ಹೆಸರು ಬಿತ್ತು. "ಚಲ್, ಮರ್ಕೇ ಆತೇ ಹೈಂ," — ನಡಿ, ಸತ್ತು ಬರೋಣ — ಎಂದು ನಗುತ್ತಾ ಬುರುಡೆಯ ಕೆಳಗೆ ಬಗ್ಗಿ ಒಳಗೆ ಹೋಗುತ್ತಿದ್ದರು. ನಾನೂ ನಕ್ಕೆ. ನನಗೆ ಅರ್ಥವಾಗಲಿಲ್ಲ — ಇಲ್ಲ, ಹಾಗೆ ಬರೆಯಬಾರದು. ಅರ್ಥ ಮಾಡಿಕೊಳ್ಳಬೇಕಾದವನು ನಾನೇ ಆಗಿದ್ದೆ; ಅದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಎಲ್ಲರಿಗೂ ಓದಲು ಬರುತ್ತಿದ್ದ ಒಂದೇ ಒಂದು ಅಕ್ಷರವನ್ನು ನಾನು ಸುಳ್ಳು ಮಾಡಿದ್ದೆ.

ಮಳೆಗಾಲದ ಆ ಬುಧವಾರ ತಪಾಸಣೆಗೆ ಯಾರೋ ಬರುವವರಿದ್ದರು. ಕ್ಯಾರಂ ಕಾಣಬಾರದೆಂದು ನಾನು ಪಂಪ್‌ಹೌಸಿಗೆ ಬೀಗ ಹಾಕಿದೆ. ಪಕ್ಕದ ಹೊಸ ಪ್ಯಾನೆಲ್ ಕೋಣೆಯಲ್ಲಿ ಕೆಲಸ ನಡೆದಿತ್ತು. ವಿದ್ಯುತ್ ಪ್ಯಾನೆಲಿನ ಮುಂದಿನ ಮುಚ್ಚಳ ತೆಗೆದಿತ್ತು, ಒಳಗೆ ಕರೆಂಟು ಇತ್ತು. ನಮ್ಮವನು ಊಟಕ್ಕೆ ಹೋಗಿದ್ದ. ಆ ಬಾಗಿಲಿಗೆ ಬೀಗ ಇರಲಿಲ್ಲ — ಬಂಗೇರರ ಬುರುಡೆ ಇದೆಯಲ್ಲ, ಬೀಗ ಯಾತಕ್ಕೆ ಎಂಬುದು ನಮ್ಮ ರೂಢಿ.

ಮಧ್ಯಾಹ್ನ ಎರಡು ಮುಕ್ಕಾಲು. ನಾನು ಎದುರಿನ ಶೆಡ್ಡಿನ ಕೆಳಗಿದ್ದೆ, ಸುಮಾರು ನಲವತ್ತು ಅಡಿ ದೂರ. ಜೋರು ಮಳೆ. ಶಾಂತಾಬಾಯಿ ಒಂದು ಕೈಯಲ್ಲಿ ಕಬ್ಬಿಣದ ಬಕೆಟ್, ಇನ್ನೊಂದರಲ್ಲಿ ನೆಲ ಒರೆಸುವ ಒದ್ದೆ ಬಟ್ಟೆ ಹಿಡಿದು ಪಂಪ್‌ಹೌಸಿನ ಬಾಗಿಲಿಗೆ ಬಂದಳು. ಬೀಗ ನೋಡಿದಳು. ಪಕ್ಕಕ್ಕೆ ತಿರುಗಿದಳು. ಅಲ್ಲೂ ಅದೇ ಬುರುಡೆ. ಭುಜದಿಂದ ಬಾಗಿಲು ತಳ್ಳಿದಳು. ನಾನು ಬಾಯಿ ತೆರೆದೆ. ಕೂಗಿದೆನೋ ಇಲ್ಲವೋ — ಇಂದಿಗೂ ಆಣೆಯಿಟ್ಟು ಹೇಳಲಾರೆ. ಚಟ್ಟೆಂದು ಸದ್ದಾಯಿತು. ಶೆಡ್ಡಿನ ದೀಪಗಳು ಒಮ್ಮೆ ಮಂಕಾದವು. ನಾನು ಓಡಿ ಮೇನ್ ಸ್ವಿಚ್ ಎಳೆದೆ. ಅವಳು ಉಳಿದಳು. ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಮೇನ್ ಎಳೆದದ್ದಕ್ಕೆ ಎಲ್ಲರೂ ನನ್ನ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡೆ.

ಅದೇ ಸಂಜೆ ಐದೂವರೆಗೆ ಪಂಪ್‌ಹೌಸಿನ ಬೋರ್ಡ್ ಕಿತ್ತೆ. ಹಿಂಬದಿ ತಿರುಗಿಸಿದೆ. ಬಂಗೇರರ ಸಣ್ಣ ಅಕ್ಷರ: 'ಸ್ಪೇರ್ — ಪಾಟೀಲರ ಕೈಗೆ.' ನನ್ನ ಲಾಕರಿನಲ್ಲಿಟ್ಟು ಬೀಗ ಹಾಕಿದೆ.

ಮರುದಿನ ಮ್ಯಾನೇಜರು ಎಲ್ಲರನ್ನೂ ಕರೆಸಿದರು. ಕರೆಂಟಿಲ್ಲದ ಪಂಪ್‌ಹೌಸಿಗೆ ಆ ಬೋರ್ಡನ್ನು ಯಾರು ಹಾಕಿದರು ಎಂದು ಹಿಂದಿಯಲ್ಲಿ ಕೇಳಿದರು. ಆ ವರ್ಷ ಸುರಕ್ಷತೆಯ ಬಹುಮಾನ ನಮ್ಮ ವಿಭಾಗಕ್ಕೇ ಬರುವುದಿತ್ತು, ನನ್ನ ಬಡ್ತಿಯ ಮಾತೂ — ಬೇಡ. ಯಾಕೆ ಎಂಬುದನ್ನು ಬರೆದರೆ ಅದು ನೆಪವಾಗುತ್ತದೆ. ನಾನು ಹೇಳಿದ್ದು ಇಷ್ಟು:

"ಪೇಂಟರ್ ನೇ ಗಲತೀ ಸೇ ಲಗಾಯಾ ಹೋಗಾ, ಸರ್."

ಪೇಂಟರ್ ತಪ್ಪಿ ಹಾಕಿರಬೇಕು. ಬಂಗೇರರು ಸಿಟ್ಟಾಗಲಿಲ್ಲ, ಗಾಬರಿಯಾಗಲಿಲ್ಲ. "ಬೋರ್ಡ್ ಮಂಗಾವೋ ಸಾಬ್. ಪೀಛೇ ಲಿಖಾ ಹೈ," ಎಂದರು. ಬೋರ್ಡ್ ತರಿಸಿ, ಹಿಂದೆ ಬರೆದಿದೆ.

ಮ್ಯಾನೇಜರು ನನ್ನ ಕಡೆ ತಿರುಗಿದರು. "ಭಂಗಾರ್ ಮೇ ಗಯಾ, ಸರ್," ಎಂದೆ. ಗುಜರಿಗೆ ಹೋಯಿತು.

ಬಂಗೇರರು ಆಗ ನನಗೊಬ್ಬನಿಗೇ ಎಂಬಂತೆ, ಆದರೆ ಎಲ್ಲರಿಗೂ ಕೇಳುವ ಹಾಗೆ, ಕನ್ನಡದಲ್ಲಿ ಹೇಳಿದರು: "ನಾನು ಬರೆದ ಬುರುಡೆ ಸುಳ್ಳು ಹೇಳುದಿಲ್ಲ ಪಾಟೀಲ್ರೆ. ನಿಮಗೆ ಗೊತ್ತುಂಟು." ಕಿವಿಯ ಮೇಲಿನ ಬ್ರಷ್ ತೆಗೆದು ಜೇಬಿಗಿಟ್ಟುಕೊಂಡು ನಡೆದರು. ತಲೆ ತಗ್ಗಿಸಲಿಲ್ಲ. ಅದನ್ನು ನಾನು ಸ್ಪಷ್ಟವಾಗಿ ಕಂಡೆ.

ಆಮೇಲೆ ಆ ರಸ್ತೆಯ ಯಾವ ಕಾರ್ಖಾನೆಯೂ ಅವರನ್ನು ಕರೆಯಲಿಲ್ಲ. ಬುರುಡೆಯನ್ನು ತಪ್ಪು ಬಾಗಿಲಿಗೆ ಹೊಡೆದ ಪೇಂಟರ್ — ಅಷ್ಟು ಮಾತು ಸಾಕಾಯಿತು. ಮಾಟುಂಗದ ಹೋಟೆಲೊಂದರಲ್ಲಿ ಒಮ್ಮೆ ತಿಂಡಿಗೆ ಕೂತವನು ಗೋಡೆಯ ಕಡೆ ನೋಡಿದೆ. ನೀರುದೋಸೆ, ಬನ್ಸ್, ಗೋಳಿಬಜೆ ಎಂದು ಬರೆದಿದ್ದ ಹಲಗೆ. ಆ ಕೈ ನನಗೆ ಗೊತ್ತು. ಬಂದ ಚಹಾ ಕುಡಿಯದೆ ಎದ್ದೆ. ಮೂರು ವರ್ಷ ಅವರು ಹೋಟೆಲಿನ ಹಲಗೆಗಳನ್ನೇ ಬರೆದರೆಂದು ನಂತರ ತಿಳಿಯಿತು. ಮೂರು ವರ್ಷ. ಆಗ ರೇಷ್ಮಾ ಶಾಲೆಯಲ್ಲಿದ್ದಳು.

ಆಮೇಲೆ ಗೋರೆಗಾಂವ್‌ನ ಒಂದು ಸಣ್ಣ ವರ್ಕ್‌ಶಾಪಿನವರು ಕರೆದರಂತೆ. ಫೋನಿನಲ್ಲಿ ರೇಷ್ಮಾ ಅಭಿಮಾನದಿಂದ ಹೇಳಿದಳು: "ಪಪ್ಪಾ ಯಾವಾಗ್ಲೂ ಹಂಗೇ ಅಂಕಲ್. ಮೊದ್ಲು ದರ್ವಾಜಾ ತೋರ್ಸಿ ಅಂತಾರೆ. ಒಳಗೆ ಹೋಗಿ ನೋಡ್ತಾರೆ. ಮತ್ತೆ ಬರೀತಾರೆ. ಮೊಳೆ ಭೀ ಖುದ್ ಹೊಡೀತಾರೆ." ಯಾವಾಗಲೂ ಅಲ್ಲ ಮಗಳೇ. ಅದು ಎಂದಿನಿಂದ ಎಂದು ನನಗೆ ಗೊತ್ತು. ಸುಟ್ಟ ಹೆಸರನ್ನು ಅವರು ಹಾಗೆ ಒಂದೊಂದೇ ಬಾಗಿಲ ಮುಂದೆ ನಿಂತು ಮತ್ತೆ ಕಟ್ಟಿಕೊಂಡರು. ಅಚ್ಚಾದ ಸ್ಟಿಕರುಗಳು ಬಂದ ಮೇಲೂ ಅವರ ಕೈಬರಹವೇ ಬೇಕೆನ್ನುವ ಕಾರ್ಖಾನೆಗಳು ಆ ಕಡೆ ಇನ್ನೂ ಇವೆಯಂತೆ. ನಿನ್ನ ತಂದೆಯ ಸನ್ಮಾನಕ್ಕೆ ಇದಕ್ಕಿಂತ ದೊಡ್ಡ ಮಾತು ನನ್ನಲ್ಲಿಲ್ಲ.

ಈಗ ಲೋಕಲ್ ರೈಲಿನಲ್ಲಿ ಕೂತರೆ ಎದುರಿನ ಹುಡುಗನ ಟೀ ಶರ್ಟಿನ ಮೇಲೆ ಬುರುಡೆ, ಪಕ್ಕದವನ ಹೆಲ್ಮೆಟ್ಟಿನ ಮೇಲೆ ಬುರುಡೆ, ಹುಡುಗಿಯ ಕಿವಿಯಲ್ಲಿ ಬೆಳ್ಳಿಯ ಬುರುಡೆ. ಎಲ್ಲವೂ ನಗುತ್ತವೆ, ಯಾರೂ ಹೆದರುವುದಿಲ್ಲ. ಅದರಿಂದ ಯಾರಿಗೂ ಕೇಡಿಲ್ಲ. ನಾನು ಮಾಡಿದ್ದು ಬೇರೆ.

ಶಾಂತಾಬಾಯಿಯ ವಿಷಯವನ್ನೂ ಹೇಳಬೇಕು. ಅವಳ ನೌಕರಿ ಕಾಯಂ ಆಗುವಂತೆ ನಾನು ಓಡಾಡಿದೆ. ಆಯಿತು. ಅದು ಕರುಣೆಯೋ, ಅವಳ ಬಾಯಿಗೆ ಹಾಕಿದ ಬೀಗವೋ — ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅವಳು ಎಡಗೈಯಲ್ಲಿ ಗುಡಿಸಲು ಕಲಿತಳು, ಎಡಗೈಯಲ್ಲೇ ಹಾಜರಿ ಪುಸ್ತಕದಲ್ಲಿ ರುಜು ಹಾಕಲು ಕಲಿತಳು. ಬೋರ್ಡ್ ಹೊಡೆದವನು ಯಾರೆಂದು ಯಾರಿಗೂ ಹೇಳಲಿಲ್ಲ.

ಆ ತಗಡಿನ ಬೋರ್ಡ್ ನನ್ನ ಮೇಜಿನ ಮೇಲಿದೆ. ಇದನ್ನೂ ಈ ಬರಹವನ್ನೂ ಬರುವ ಭಾನುವಾರ ನಾನೇ ಗೋರೆಗಾಂವ್‌ಗೆ ಒಯ್ಯುತ್ತೇನೆ. ರೇಷ್ಮಾಗೆ ಓದಲು ಕಷ್ಟವಾದರೆ ಬಂಗೇರರ ಎದುರು ನಾನೇ ಓದುತ್ತೇನೆ. ಪುಸ್ತಕದಲ್ಲಿ ಹಾಕುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಹಾಕಿದರೆ ಒಂದಕ್ಷರವನ್ನೂ ಮೆದು ಮಾಡಬೇಡಿ ಎಂದಷ್ಟೇ ಕೇಳುತ್ತೇನೆ. ಮ್ಯಾನೇಜರು ಈಗಿಲ್ಲ. ಹೊರಗೆ ನಿಂತು ಕೇಳಿದವರಲ್ಲಿ ಏಳು ಜನರ ವಿಳಾಸ ಸಿಕ್ಕಿದೆ. ಅವರಿಗೂ ಒಂದೊಂದು ಪ್ರತಿ ಕಳಿಸುತ್ತೇನೆ.

ನಿನ್ನೆ ಶಾಂತಾಬಾಯಿಯ ಮನೆಗೆ ಹೋಗಿದ್ದೆ. ಹೀಗೆ ಬರೆದಿದ್ದೇನೆ, ನಿಮ್ಮ ಹೆಸರು ಹಾಕಬಹುದೇ ಎಂದು ಕೇಳಿದೆ. ಅವರು, "ಲಿಹಾ. ಪೂರ್ಣ ನಾವ್ ಲಿಹಾ," ಎಂದರು — ಬರೆಯಿರಿ, ಪೂರ್ತಿ ಹೆಸರು ಬರೆಯಿರಿ.

ಆ ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾನು ಮೊಳೆ ಹೊಡೆಯುವುದನ್ನು ಕಣ್ಣಾರೆ ಕಂಡವರು ಒಬ್ಬರೇ: ಶಾಂತಾಬಾಯಿ ಮಾರುತಿ ಶಿಂದೆ. ಚೆಂಬೂರಿನಲ್ಲಿದ್ದಾರೆ. ಯಾರು ಬೇಕಾದರೂ ಹೋಗಿ ಕೇಳಬಹುದು.