ಸೆರಗಿನ ಜಿಡ್ಡು

ನಾನಾಗ ಐದು ತಿಂಗಳ ಬಸುರಿ. ಪಲ್ಲಾವರಂ ಹತ್ತಿರದ ಸಣ್ಣ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಹರಳೆಣ್ಣೆಯಿಂದ ಪಾಲಿಮರ್ ಮಾಡಿ, ತಿನ್ನರ್ ಬದಲು ನೀರಿನಲ್ಲೇ ಬೆರೆಸಿ, ಮರಕ್ಕೆ ಬಳಿಯುವ ವಾರ್ನಿಷ್ ತಯಾರಿಸುತ್ತಿದ್ದೆ. ಅದು ಗೆದ್ದರೆ ಅದೇ ಕೆಲಸ, ಸೋತರೆ ಮತ್ತೆ ತಿನ್ನರ್ ಕೋಣೆ. ಆ ಕೋಣೆಯ ಘಾಟಿಗೆ ಮೊದಲೇ ನನಗೆ ತಲೆ ಸುತ್ತುತ್ತಿತ್ತು. ಈಗ ಹೊಟ್ಟೆಯಲ್ಲಿ ಇನ್ನೊಂದು ಜೀವ. ಬಹಳ ಹೆದರಿದ್ದೆ.

ಮೇಜು ಕುರ್ಚಿ ಮಾಡುವ ಗಿರಾಕಿ ಅಂದು ಸಂಜೆ ವಾರ್ನಿಷ್ ನೋಡಲು ಬರುವವರಿದ್ದರು. ಬೆಳಿಗ್ಗೆ ಬಳಿದ ಹಲಗೆಗಳ ತುಂಬ ಸಿಡುಬಿನ ಕಲೆಯಂಥ ಕುಳಿಗಳು!

"ಎನ್ನಮ್ಮಾ ಇದು?" ಮ್ಯಾನೇಜರ್ ತಮಿಳಿನಲ್ಲೇ ಸಿಡುಕಿದರು. ಎಣ್ಣೆಗೂ ನೀರಿಗೂ ಎಲ್ಲಿಯ ಸಂಬಂಧ, ನಾಳೆಯಿಂದ ತಿನ್ನರ್ ಕೋಣೆಗೆ ಹೋಗಿ ಎಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಸಂಜೆಯವರೆಗೆ ಸುಮ್ಮನಿರಿ ಸಾರ್ ಎಂದುಬಿಟ್ಟೆ.

ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕುಳಿಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿದ್ದವು. ಒಂದು ಮೂಲೆಯಲ್ಲಿ ಮಾತ್ರ ಧೂಳು ಉಳಿದಿತ್ತು, ಅಲ್ಲಿ ಕುಳಿಯಿರಲಿಲ್ಲ. ಬಳಿಯುವ ಮುಂಚೆ ನಾನು ಧೂಳು ಒರೆಸಿದ್ದು ಸೆರಗಿನಿಂದ. ಸೆರಗು ಮುಟ್ಟಿದೆ. ಜಿಡ್ಡು.

ಅವ್ವನ ಕೆಲಸ! ನನ್ನ ಆರೈಕೆಗೆಂದು ಮಂಡ್ಯದಿಂದ ಬಂದವಳು ದಿನಾ ಬೆಳಿಗ್ಗೆ ನೆತ್ತಿಗೆ ಹರಳೆಣ್ಣೆ ಒತ್ತುತ್ತಿದ್ದಳು. "ಮಗೀಗೆ ತಂಪು ಕಣವ್ವಾ, ಸುಮ್ಕಿರು." ಸೆಕೆಗೆ ಅದು ಕುತ್ತಿಗೆಗಿಳಿದು, ಸೆರಗಿಗೆ ಹತ್ತಿ, ಹಲಗೆ ಸೇರಿತ್ತು. ಹಸಿ ಎಣ್ಣೆ ತಾಗಿದಲ್ಲಿ ನನ್ನ ವಾರ್ನಿಷ್ ನಿಲ್ಲದೆ ಹಿಂದೆ ಸರಿಯುತ್ತದೆ, ಅದೂ ಹರಳೆಣ್ಣೆಯದೇ ಆಗಿದ್ದರೂ.

ತಲೆಗೆ ಬಟ್ಟೆ ಬಿಗಿದೆ, ಸೆರಗು ಸಿಕ್ಕಿಸಿದೆ, ಮೊಣಕೈವರೆಗೆ ಸೋಪು ತಿಕ್ಕಿದೆ. ಹೊಸ ಹಲಗೆಗೆ ಬಳಿದು ಫ್ಯಾನಿನ ಕೆಳಗಿಟ್ಟೆ. ಒಣಗುವ ತನಕ ಅದು ಹಾಲಿನಂತೆ ಬೆಳ್ಳಗಿರುತ್ತದೆ. ಗಾಳಿಯ ತೇವಕ್ಕೆ ಒಣಗಲೊಲ್ಲದು. ಗಿರಾಕಿಯ ಕಾರು ಗೇಟಿಗೆ ಬಂದಾಗಲೂ ನಡುವೆ ಬಿಳಿ ಉಳಿದಿತ್ತು. ಅವರು ಕಾಫಿ ಕುಡಿಯುವಷ್ಟರಲ್ಲಿ ಅದು ಕರಗಿ, ಮರದ ಗೆರೆಗಳು ಕಂಡವು. ಒಂದೂ ಕುಳಿಯಿಲ್ಲ. ಅವರು ಬೆರಳಾಡಿಸಿ ಆರ್ಡರ್ ಕೊಟ್ಟರು. ಮ್ಯಾನೇಜರ್ ನನ್ನ ಮುಖ ನೋಡದೆ, ನೀವು ಇಲ್ಲೇ ಇರಿ ಎಂದರು.

ಅವ್ವನನ್ನು ಬೈಯಬೇಕೆಂದು ತಾಂಬರಂ ರೈಲಿನುದ್ದಕ್ಕೂ ಮಾತು ಮಸೆಯುತ್ತಾ ಬಂದೆ. ಅವಳು ಎಣ್ಣೆ ಬಟ್ಟಲು ಹಿಡಿದೇ ಬಾಗಿಲು ತೆಗೆದಳು.

"ತಲೆಗೆ ಬ್ಯಾಡ ಕಣವ್ವಾ. ಇನ್ಮೇಲೆ ಕಾಲಿಗೆ ಹಚ್ಚು," ಎಂದೆ ಅಷ್ಟೇ.

ಅವ್ವ ಊದಿದ ನನ್ನ ಪಾದವನ್ನು ಮಡಿಲಿಗೆಳೆದುಕೊಂಡಳು. ನನಗೆ ಅಳು ಬಂತು. ತಿನ್ನರ್ ಕೋಣೆ ತಪ್ಪಿತು ಎಂದೆ.

"ತಪ್ದೆ ಇನ್ನೇನು?" ಎಂದಳು ಅವ್ವ. "ದಿನಾ ಎಣ್ಣೆ ಒತ್ತಿದ್ದು ಸುಮ್ನೆ ಓಯ್ತದಾ?"