ಇಡೊ ನನಗೆ ಅರ್ಥವಾಗಿತ್ತು

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಖಾನೆ ಸೇರಿದವನು. ಅಂಚೆಯಲ್ಲಿ ಪಾಠ ತರಿಸಿಕೊಂಡು ಎಸ್ಪೆರಾಂಟೊ ಕಲಿತೆ. ಜಗತ್ತಿನವರೆಲ್ಲ ಒಬ್ಬರೊಡನೊಬ್ಬರು ಮಾತಾಡಲೆಂದು ಕಟ್ಟಿದ ಭಾಷೆ ಅದು. ಪಕ್ಕದ ಯಂತ್ರದಲ್ಲಿದ್ದ ಗೆಳೆಯನಿಗೂ ಅದರ ಹುಚ್ಚು ಹಿಡಿಸಿದೆ. ಭಾನುವಾರ ಬನಶಂಕರಿಯ ನಮ್ಮ ಮನೆಯಲ್ಲಿ ಐದಾರು ಜನ ಸೇರುತ್ತಿದ್ದೆವು. ಬಾಯಿತಪ್ಪಿ ಕನ್ನಡ ಆಡಿದವರು ಎಲ್ಲರ ಕಾಫಿ ಲೋಟ ತೊಳೆಯಬೇಕು ಎಂಬುದು ನಿಯಮ. ಹೆಚ್ಚು ತೊಳೆದವನು ನನ್ನ ಗೆಳೆಯನೇ.

"ಈ ಭಾಷೆ ನಿಲ್ಲಿಸ್ಬೇಡಿ ಅಣ್ಣ, ನಂಗೆ ಲೋಟ ತೊಳೆಯೋದು ತಪ್ಪುತ್ತೆ" ಎಂದು ನನ್ನ ಹೆಂಡತಿ ಅವನನ್ನು ಕೆಣಕುತ್ತಿದ್ದಳು.

ಒಂದು ಭಾನುವಾರ ಅವನು ಇಡೊದಲ್ಲಿ ಮಾತು ತೆಗೆದ. ಎಸ್ಪೆರಾಂಟೊ ಇನ್ನೂ ಸುಲಭವಾಗಲೆಂದು ಹಿಂದೆಯೇ ಕೆಲವರು ಅದನ್ನು ತಿದ್ದಿ ಮಾಡಿದ ಭಾಷೆ ಇಡೊ. ಒಂದು ಬಲ್ಲವನಿಗೆ ಇನ್ನೊಂದು ಬಹುಮಟ್ಟಿಗೆ ತಿಳಿಯುತ್ತದೆ. ಅವನು ಹೇಳಿದ್ದೆಲ್ಲ ನನಗೆ ತಿಳಿಯಿತು. ನಾನು ಕಲಿಸಿದ್ದನ್ನೇ ಇವನು ತಿದ್ದುತ್ತಾನಲ್ಲ ಎಂದು ಹೊಟ್ಟೆ ಉರಿಯಿತು. "ಮಿ ನೆ ಕೊಂಪ್ರೆನಾಸ್" ಎಂದೆ. ನನಗೆ ಅರ್ಥವಾಗುತ್ತಿಲ್ಲ ಎಂದು. ಪಾಪ, ಅವನು ನಿಧಾನವಾಗಿ ಮತ್ತೆ ಹೇಳಿದ. ಮತ್ತೆ ಅದನ್ನೇ ಅಂದೆ. ಉಳಿದವರು ನನ್ನ ಮುಖ ನೋಡಿ ತಮಗೂ ತಿಳಿಯಲಿಲ್ಲವೆಂದು ತಲೆಯಾಡಿಸಿದರು.

ಅವನು ಎದ್ದು, ತನ್ನ ಲೋಟವನ್ನು ತೊಳೆದು ಬೋರಲು ಹಾಕಿ, ಹೊರಟುಹೋದ. ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ. ಪಕ್ಕಪಕ್ಕದ ಯಂತ್ರಗಳಲ್ಲೇ ಮಾತಿಲ್ಲದೆ ದುಡಿದು ನಿವೃತ್ತರಾದೆವು.

ಅವನು ಬೆಳಿಗ್ಗೆ ಜೆ.ಪಿ. ನಗರದ ಪಾರ್ಕೊಂದಕ್ಕೆ ಬರುತ್ತಾನೆಂದು ಈಚೆಗೆ ತಿಳಿಯಿತು. ಮೊಬೈಲಿನಲ್ಲಿ ಪಾಠ ಹುಡುಕಿ ಇಡೊ ಕಲಿಯಲು ಕೂತೆ.

"ಈ ವಯಸ್ಸಲ್ಲಿ ಇದನ್ನ ಯಾರ ಹತ್ರ ಮಾತಾಡೋಕ್ರೀ?" ಎಂದಳು ಹೆಂಡತಿ.

"ಒಬ್ಬನ ಹತ್ರ."

ಅವಳಿಗೆ ಗೊತ್ತಾಯಿತು. "ಹಂಗಾದ್ರೆ ಬೇಗ ಕಲೀರಿ, ಇರೋ ನಾಲ್ಕು ಹಲ್ಲು ಉದುರೋದ್ರೊಳಗೆ."

ಪಾರ್ಕಿನ ಬೆಂಚಿನಲ್ಲಿ ಅವನ ಪಕ್ಕ ಕೂತೆ. ಅವನು ನನ್ನತ್ತ ತಿರುಗಲಿಲ್ಲ. ಎದ್ದುಹೋಗಿಬಿಟ್ಟಾನೆಂದು ಕೂತ ಕೂಡಲೇ ಬಾಯಿ ತೆರೆದೆ.

"ಮೆ ಕೊಂಪ್ರೆನಿಸ್ ಒಮ್ನೊ" ಎಂದೆ ಇಡೊದಲ್ಲಿ. ಅವತ್ತು ನನಗೆ ಎಲ್ಲವೂ ಅರ್ಥವಾಗಿತ್ತು ಎಂದು.

ಅವನು ವಾಕಿಂಗ್ ಮಾಡುವವರನ್ನೇ ನೋಡುತ್ತಿದ್ದ. ಕಣ್ಣು ತೆಗೆಯದೆಯೇ, "ಅರ್ಥ ಆಗ್ಲಿಲ್ಲ" ಎಂದ.

ನಿಧಾನವಾಗಿ ಮತ್ತೆ ಹೇಳಿದೆ.

"ಅರ್ಥ ಆಗ್ಲಿಲ್ಲ ಕಣಯ್ಯ." ಈ ಸಲ ಅವನ ಮೀಸೆ ಅಲುಗಿತು.

ನನಗೆ ಜೀವ ಬಂತು. "ಎರಡು ಸಲ ಕನ್ನಡ ಆಡ್ದೆ. ಮನೆಗೆ ಬಂದು ಲೋಟ ತೊಳಿ."

"ತೊಳೀತೀನಿ. ಆದ್ರೆ ನಾನು ಮರೆತೆ ಅಂದ್ಕೋಬೇಡ" ಎನ್ನುತ್ತ ಬೆಂಚಿನ ಕೆಳಗೆ ಕಾಲಿನಿಂದಲೇ ಚಪ್ಪಲಿ ಹುಡುಕಿದ.

ಬಸ್ ಸ್ಟಾಪಿನವರೆಗೂ ಅವನು ಇಡೊದಲ್ಲೇ ಮಾತಾಡಿದ. ಅಭ್ಯಾಸ ತಪ್ಪಿದ ನನಗೆ ಮುಕ್ಕಾಲು ಪಾಲು ತಿಳಿಯಿತು. ತಿಳಿಯದಿದ್ದಾಗ ಅವನ ತೋಳು ಹಿಡಿದು ನಿಲ್ಲಿಸಿ, ಇನ್ನೊಮ್ಮೆ ಹೇಳು ಎಂದೆ. ಅವನು ಹೇಳಿದ.